ದೊರೆಸಾನಿಗೊಂದು ಮನೆ ಬೇಕು

ಡ್ರೈವಿಂಗ್ ಸ್ಕೂಲಿನ ಮೇಷ್ಟ್ರಿಗೆ ತಮ್ಮದೇ ಮನೆಯ ಸೋಫಾದ ಮೇಲೆ ಕೂರಲು ಜಾಗವಿಲ್ಲದಂಥ ದುರ್ಗತಿ ಬಂದೊದಗಿತ್ತು. ಆರಾಮವಾಗಿ ಕಾಲು ಚಾಚಬಹುದಾದ ದೊಡ್ಡ ಸೋಫಾ ಅದು. ಈಗ ಅದರ ಈ ತುದಿಯಿಂದ ಆ ತುದಿಯವರೆಗೆ ಒಂದು ನಾಯಿ ಮಲಗಿತ್ತು. ಭಾರೀ ನಾಯಿಯೇನಲ್ಲ, ನಿಂತರೆ ಮೇಷ್ಟ್ರ ಮೊಣಕಾಲಿಗೂ ಬಾರದು. ಆದರೆ ದೇವರು ಅದರ ಎತ್ತರದಲ್ಲಿ ಉಳಿಸಿದ್ದನ್ನೆಲ್ಲ ಉದ್ದಕ್ಕೆ ಹಾಕಿ ಕೈತೊಳೆದುಕೊಂಡಿದ್ದ.

"ಏಯ್, ಸ್ವಲ್ಪ ಸರಿ ಆ ಕಡೆ," ಎಂದರು ಮೇಷ್ಟ್ರು.

ನಾಯಿ ಒಂದು ಕಣ್ಣು ತೆರೆದು ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಪರವಾಗಿಲ್ಲ ಇವರೇ ಎಂದುಕೊಂಡು ಮತ್ತೆ ಮುಚ್ಚಿತು.

"ನೋಡಿದ್ಯೇನೇ ನಿನ್ನ ನಾಯಿ ದರ್ಬಾರು? ಬೆಳಗ್ಗೆಯಿಂದ ಗಂಟಲು ಹರ್ಕೊಂಡು ಬಂದಿದೀನಿ. ನಾನೆಲ್ಲಿ ಕೂರ್ಲಿ?"

"ಚಾಪೆ ಇದೆಯಲ್ಲ, ಅದರ ಮೇಲೆ," ಎಂದಿತು ಅಡುಗೆಮನೆ.

"ಅದು ನಾಯಿಗೆ ಅಂತ ತಂದ ಚಾಪೆ!"

"ಹೌದು, ಒಂದಿನಾನೂ ಮಲಗಿಲ್ಲ. ಹೊಸದಾಗೇ ಇದೆ, ಸಂಕೋಚ ಬೇಡ, ಕೂತ್ಕೊಳ್ಳಿ."

ಅಡುಗೆಮನೆಯ ಒಳಗಿಂದ ಮಾತಾಡಿದ್ದು ಮೇಷ್ಟ್ರ ಹೆಂಡತಿ. ಹಲ್ಲಿನ ಆಸ್ಪತ್ರೆಯಲ್ಲಿ ಹಲ್ಲು ಸೆಟ್ ತಯಾರಿಸುವುದು ಆಕೆಯ ಉದ್ಯೋಗ. ದಿನವಿಡೀ ಮೇಣ ಕರಗಿಸಿ, ಅಚ್ಚು ತೆಗೆದು, ಊರಿನ ಬೊಚ್ಚುಬಾಯಿಗಳಿಗೆಲ್ಲ ನಗು ಜೋಡಿಸಿ ಮನೆಗೆ ಬರುವಾಕೆ. ಕೈ ನಿಧಾನ, ಬಾಯಿ ಚುರುಕು. ನಿವೃತ್ತ ಹೆಡ್‌ಮಿಸ್ಸೊಬ್ಬರು ಹಲ್ಲು ಕಟ್ಟಿಸಿಕೊಳ್ಳಲು ಬಂದವರು, ಹೊಸ ಹಲ್ಲಿನಿಂದ ಆಡಿದ ಮೊದಲ ಮಾತೇ "ನಮ್ಮ ಸಂಘಕ್ಕೆ ಸೇರಮ್ಮ" ಎಂದಾಗಿತ್ತು. ತಾನೇ ಕೂರಿಸಿದ ಹಲ್ಲಿಗೆ ಇಲ್ಲ ಎನ್ನುವುದು ಹೇಗೆ? ಆಕೆ ಸೇರಿಬಿಟ್ಟರು.

ಅದು ಡ್ಯಾಶ್‌ಹಂಡ್ ರಕ್ಷಣಾ ಸಂಘ. ಉದ್ದ ಬೆನ್ನು, ಕುಳ್ಳು ಕಾಲು, ಜೋಲುಕಿವಿಯ ಆ ಒಂದು ಜಾತಿಯ ನಾಯಿಗಳಿಗೇ ಮೀಸಲು. ಮರಿಯಾಗಿದ್ದಾಗ ಮುದ್ದು ಉಕ್ಕಿ ತಂದುಕೊಂಡ ಜನ ಆಮೇಲೆ ಮನೆ ಬದಲಾಯಿಸಿದೆವು, ಮಗುವಾಯಿತು, ಬೊಗಳುತ್ತದೆ ಎಂದು ನೆಪ ತೆಗೆದು ಕೈಬಿಟ್ಟ ನಾಯಿಗಳನ್ನು ಸಂಘ ಕರೆತರುತ್ತದೆ. ಒಳ್ಳೆಯ ಮನೆ ಸಿಕ್ಕಿ ದತ್ತು ಹೋಗುವವರೆಗೆ ಅವು ಸದಸ್ಯರ ಮನೆಗಳಲ್ಲಿ ಇರುತ್ತವೆ. ಹೀಗೆ ಇಟ್ಟುಕೊಳ್ಳುವವರಿಗೆ ಸಂಘದಲ್ಲಿ 'ಆತಿಥೇಯರು' ಎಂದು ಹೆಸರು. ಆತಿಥೇಯರು ಕೊನೆಗೆ ನಾಯಿಯನ್ನು ಬಿಟ್ಟುಕೊಡಲಾರದೆ ತಾವೇ ಇಟ್ಟುಕೊಂಡುಬಿಟ್ಟರೆ ಅವರು 'ಸೋತವರು'. ಸೋತವರು ಸಭೆಯಲ್ಲಿ ಎದ್ದು ನಿಂತು "ನಾನು ಸೋತೆ" ಎಂದು ಬಾಯಿಬಿಟ್ಟು ಹೇಳಬೇಕು. ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ.

ಮೊದಲ ಸಭೆಗೆ ಹೆಂಡತಿಯನ್ನು ಬಿಡಲು ಹೋದ ಮೇಷ್ಟ್ರು ಸುಮ್ಮನೆ ವಾಪಸ್ ಬಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಟೀ ಬಿಸ್ಕತ್ತು ಇದೆ ಎಂದು ಯಾರೋ ಅಂದರು, ಇವರು ಉಳಿದುಕೊಂಡರು. ಆವತ್ತು ಗರಡಿಯಾಳಿನಂಥ ಮೈಕಟ್ಟಿನ ಲಾರಿ ಮಾಲೀಕರೊಬ್ಬರು ಎದ್ದು, ಬಗಲಲ್ಲಿ ಒಂದು ಮುದಿ ನಾಯಿಯನ್ನು ಅವುಚಿಕೊಂಡು, "ನಾನು ಸೋತೆ" ಎಂದು ಗಳಗಳನೆ ಅತ್ತುಬಿಟ್ಟರು. ಮೇಷ್ಟ್ರಿಗೆ ಬಿಸ್ಕತ್ತು ಬಾಯಲ್ಲಿದ್ದಾಗಲೇ ನಗು ಬಂತು.

"ಅಲ್ಲ ಸ್ವಾಮಿ, ನಾನೂ ದಿನಾ ಜನಕ್ಕೆ ಕಾರು ಕಲಿಸ್ತೀನಿ. ಲೈಸೆನ್ಸ್ ಸಿಕ್ಕಿದ ಮೇಲೆ ಶಿಷ್ಯನ್ನ ಕರ್ಕೊಂಡು ಬಂದು ಮನೇಲಿಟ್ಕೊಳ್ತೀನಾ? ಕಲಿಸ್ಬೇಕು, ಕಳಿಸ್ಬೇಕು. ಅಷ್ಟೆ. ಮನಸ್ಸು ಗಟ್ಟಿ ಇರ್ಬೇಕು ರೀ. ನಾನಂತೂ ಸೋಲೋ ಪೈಕಿ ಅಲ್ಲ," ಎಂದು ತುಂಬಿದ ಸಭೆಯಲ್ಲಿ ಎದೆ ತಟ್ಟಿ ಹೇಳಿದರು.

"ನಿಮ್ಮಂಥವರೇ ನಮಗೆ ಬೇಕಾಗಿತ್ತು," ಎಂದರು ಸಂಘದ ಕಾರ್ಯದರ್ಶಿಯೂ ಆದ ಹೆಡ್‌ಮಿಸ್ಸು. ವಾರ ಕಳೆಯುವುದರೊಳಗೆ ನಾಯಿ ಮನೆಗೆ ಬಂತು.

ಬಂದ ನಾಯಿ ಬಾಗಿಲಲ್ಲಿ ನಿಂತು ಮನೆಯನ್ನೆಲ್ಲ ಒಮ್ಮೆ ನೋಡಿತು. ಬಾಲ ಅಲ್ಲಾಡಿಸಲಿಲ್ಲ, ಯಾರನ್ನೂ ಮೂಸಲಿಲ್ಲ. ನೆಟ್ಟಗೆ ಸೋಫಾದ ಮುಂದೆ ಹೋಗಿ ನಿಂತು, ಇನ್ನೂ ಯಾಕೆ ಎತ್ತಿ ಕೂರಿಸಿಲ್ಲ ಎಂಬಂತೆ ತಿರುಗಿ ನೋಡಿತು. (ಉದ್ದ ಬೆನ್ನಿನ ಈ ನಾಯಿಗಳು ಹಾರಿ ಹತ್ತಬಾರದು, ಹಾರಿ ಇಳಿಯಬಾರದು, ಬೆನ್ನುಮೂಳೆಗೆ ಪೆಟ್ಟಾಗುತ್ತದೆ. ಆದ್ದರಿಂದ ಹತ್ತಿಸಲೂ ಆಳು ಬೇಕು, ಇಳಿಸಲೂ ಆಳು ಬೇಕು.)

"ಅಯ್ಯೋ, ಏನ್ ಠೀವಿ! ಒಳ್ಳೆ ದೊರೆಸಾನಿ ಬಂದ ಹಾಗೆ ಬಂದ್ಲಲ್ಲೇ!" ಎಂದರು ಮೇಷ್ಟ್ರ ತಾಯಿ. ಅಲ್ಲಿಗೆ ನಾಮಕರಣ ಮುಗಿಯಿತು.

ದೊರೆಸಾನಿಯ ಸೇವೆಯೆಲ್ಲ ಹೆಂಡತಿಯದು. ಬೆಳಗ್ಗೆ ಎದ್ದು ಬೀದಿಯಲ್ಲಿ ಸುತ್ತಾಡಿಸುವುದು, ಸಂಜೆ ಮತ್ತೊಮ್ಮೆ ಅದೇ ಮೆರವಣಿಗೆ, ಕಿವಿ ಒರೆಸುವುದು, ಕಣ್ಣಿಗೆ ಔಷಧಿ ಬಿಡುವುದು, ಉಗುರು ಕತ್ತರಿಸುವುದು, ಸ್ನಾನ. ಅತ್ತೆಯವರದು ಊಟೋಪಚಾರ. ಮೇಷ್ಟ್ರ ಪಾಲಿನದು ಒಂದೇ ಕೆಲಸ, ಆಕ್ಷೇಪಣೆ. ಅದನ್ನು ಅವರು ಹೊತ್ತುಹೊತ್ತಿಗೆ ಸರಿಯಾಗಿ ಮಾಡುತ್ತಿದ್ದರು.

"ನಿನ್ನ ನಾಯಿ ನನ್ನ ಎಡಗಾಲಿನ ಚಪ್ಪಲಿ ಕಚ್ಚಿ ಹಾಕಿದೆ!"

ಹೆಂಡತಿ ಚಪ್ಪಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಗುರುತುಗಳ ಮೇಲೆ ಬೆರಳಾಡಿಸಿ, "ಅಯ್ಯೋ ಪಾಪ" ಎಂದರು.

ಮೇಷ್ಟ್ರಿಗೆ ಸಮಾಧಾನವಾಯಿತು. "ಹೋಗಲಿ ಬಿಡು, ಹಳೇ ಚಪ್ಪಲಿ."

"ನಿಮಗಲ್ಲ. ಎಡಗಡೆ ಕೋರೆಹಲ್ಲು ಸವೆದುಹೋಗಿದೆ ನೋಡಿ. ಇನ್ಮೇಲೆ ಸ್ವಲ್ಪ ಮೆತ್ತಗಿರೋ ಚಪ್ಪಲಿ ತಗೊಳ್ಳಿ."

ಹೀಗೆ 'ನಿನ್ನ ನಾಯಿ', 'ನಿನ್ನ ನಾಯಿ' ಎಂದು ಜಪ ಮಾಡುತ್ತಿದ್ದ ಮನುಷ್ಯ ಕೆಟ್ಟದ್ದು ಒಂದು ಬೆಳಗ್ಗೆ. ಹೆಂಡತಿಗೆ ಆಸ್ಪತ್ರೆಯಲ್ಲಿ ಅವಸರದ ಕೆಲಸ, ತಾಯಿಗೆ ಕಣ್ಣಿನ ಪರೀಕ್ಷೆ. ನಾಯಿಯನ್ನು ಒಂಟಿಯಾಗಿ ಬಿಡುವಂತಿಲ್ಲ ಎಂದು ಸಂಘದ ಕಟ್ಟಪ್ಪಣೆ. ಮೇಷ್ಟ್ರು ಗೊಣಗುತ್ತ ದೊರೆಸಾನಿಯನ್ನು ಎತ್ತಿ ಕಲಿಕೆಯ ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೊರಟರು.

ಆವತ್ತಿನ ಮೊದಲ ಶಿಷ್ಯ ಒಬ್ಬ ಗುಮಾಸ್ತ. ಪರೀಕ್ಷೆಯಲ್ಲಿ ಫೇಲಾಗಿ ಫೇಲಾಗಿ, ಬ್ರೇಕ್ ಇನ್‌ಸ್ಪೆಕ್ಟರರೇ ಅವನನ್ನು ಕಂಡರೆ ಮನೆಯವರ ಕ್ಷೇಮಸಮಾಚಾರ ಕೇಳುವಷ್ಟು ಹಳಬನಾಗಿಬಿಟ್ಟಿದ್ದ. ಕ್ಲಚ್ ಬಿಡುವಾಗ ಕಾರು ಕಪ್ಪೆಯ ಹಾಗೆ ಕುಪ್ಪಳಿಸಬೇಕು, ಮೇಷ್ಟ್ರು ತಮ್ಮ ಕಡೆಯ ಬ್ರೇಕನ್ನು ತುಳಿದು "ನಿಧಾನಾ!" ಎಂದು ಕಿರುಚಬೇಕು, ಅವನು ಹೆದರಿ ಇನ್ನಷ್ಟು ಒತ್ತಬೇಕು. ಇದು ಅವರಿಬ್ಬರ ನಿತ್ಯವಿಧಿ. ಅಂದೂ ಕಾರು ಕುಪ್ಪಳಿಸಿತು. ಮೇಷ್ಟ್ರು ಬಾಯಿ ತೆರೆದರು. ಅಷ್ಟರಲ್ಲಿ ಹಿಂದಿನ ಸೀಟಿನಿಂದ ಒಂದು ನಿಟ್ಟುಸಿರು ಬಂತು.

ಅದೇನು ಸಾಮಾನ್ಯ ನಿಟ್ಟುಸಿರೇ! ಲೋಕದಲ್ಲಿ ಯಾರ ಮೇಲೂ ಇನ್ನು ಭರವಸೆಯಿಲ್ಲ ಎಂಬಂತೆ ಹೊಟ್ಟೆಯಾಳದಿಂದ ಹೊರಟು, ಆ ಉದ್ದ ಮೈಯ ದಾರಿಯನ್ನೆಲ್ಲ ಸವೆಸಿ ಮೂಗಿನ ತುದಿಗೆ ಬಂದು ಮುಗಿಯುವ ನಿಟ್ಟುಸಿರು. ಗುಮಾಸ್ತ ಕನ್ನಡಿಯಲ್ಲಿ ಹಿಂದೆ ನೋಡಿದ. ದೊರೆಸಾನಿ ಕಿಟಕಿಯಾಚೆ ಮುಖ ತಿರುಗಿಸಿದ್ದಳು. ಅವನಿಗೆ ಅವಮಾನವಾಯಿತು. ಎರಡನೆಯ ಸಲ ಕ್ಲಚ್ಚನ್ನು ಮಗುವಿನ ತಲೆ ಸವರಿದ ಹಾಗೆ ಬಿಟ್ಟ. ಕಾರು ಬೆಣ್ಣೆಯ ಮೇಲೆ ಹೊರಟಂತೆ ಹೊರಟಿತು.

ಮುಂದಿನ ಪರೀಕ್ಷೆಯಲ್ಲಿ ಗುಮಾಸ್ತ ಪಾಸಾದ. ಅವನು ಬಂದು ಮೊದಲು ಕೈಮುಗಿದದ್ದು ಹಿಂದಿನ ಸೀಟಿಗೆ.

ಆಮೇಲೆ ದೊರೆಸಾನಿ ದಿನವೂ ಡ್ಯೂಟಿಗೆ ಹೊರಟಳು. ("ಮನೇಲಿದ್ರೆ ಚಪ್ಪಲಿ ತಿನ್ನುತ್ತೆ, ಅದಕ್ಕೇ ಕರ್ಕೊಂಡ್ ಹೋಗ್ತಿದೀನಿ, ಇನ್ನೇನಿಲ್ಲ" ಎಂದು ಮೇಷ್ಟ್ರು ಯಾರೂ ಕೇಳದಿದ್ದರೂ ವಿವರಣೆ ಕೊಟ್ಟರು.) ಅವರ ಗಂಟಲು ನೆಟ್ಟಗಾಯಿತು. ರಕ್ತದೊತ್ತಡ ಇಳಿಯಿತು. ಹಿಂದಿನ ಸೀಟಿಗೆ ಮೆತ್ತೆ ಬಂತು, ಕಿಟಕಿಗೆ ಬಿಸಿಲು ತಡೆಯುವ ಪರದೆ ಬಂತು. ಶಿಷ್ಯರಿಲ್ಲದ ಹೊತ್ತಿನಲ್ಲಿ ಮರದ ನೆರಳಿಗೆ ಕಾರು ನಿಲ್ಲಿಸಿ, ಮೇಷ್ಟ್ರು ತಮ್ಮ ಬ್ರೆಡ್ಡಿನಲ್ಲಿ ಅರ್ಧ ಅವಳಿಗೆ ಕೊಟ್ಟು, ಮನೆಯಲ್ಲಿ ಯಾರಿಗೂ ಹೇಳದ ಮಾತೆಲ್ಲ ಹೇಳಿಕೊಳ್ಳುತ್ತಿದ್ದರು. ಅವಳು ಅಡ್ಡಮಾತಾಡುತ್ತಿರಲಿಲ್ಲ. ಮದುವೆಯಾದ ಮೇಲೆ ಅವರ ಮಾತನ್ನು ಕೊನೆಯವರೆಗೆ ಕೇಳಿದ ಮೊದಲ ಹೆಣ್ಣುಜೀವ ಅದು. ನಿಜ ಹೇಳಬೇಕೆಂದರೆ ಮೇಷ್ಟ್ರಿಗೆ ಆ ನಾಯಿಯ ಮೇಲೆ ಪ್ರಾಣವೇ ಇತ್ತು. ಆದರೆ ಮನೆಯ ಹೊಸಿಲು ದಾಟಿ ಒಳಗೆ ಬಂದ ಕೂಡಲೇ "ತಗೋ ನಿನ್ನ ನಾಯಿ" ಎಂದು ಕೈಬಿಡುತ್ತಿದ್ದರು. ತುಂಬಿದ ಸಭೆಯಲ್ಲಿ ಎದೆ ತಟ್ಟಿದವರಲ್ಲವೇ!

ಹೀಗಿರುವಾಗ ಒಂದು ಸಂಜೆ ಹೆಂಡತಿ ಬಾಂಬು ಹಾಕಿದರು.

"ರೀ, ದನದ ಡಾಕ್ಟ್ರು ನೋಡಿದ್ರು. ದೊರೆಸಾನಿ ಆರೋಗ್ಯವಾಗಿದಾಳಂತೆ, ಕಣ್ಣಿನ ಔಷಧಿ ಒಂದು ಬಿಡ್ತಾ ಇದ್ರೆ ಸಾಕಂತೆ. ಇನ್ನು ಮನೆ ಹುಡುಕಬಹುದು ಅಂದ್ರು ಸಂಘದ ಮೇಡಂ."

ಮೇಷ್ಟ್ರ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. "ಯಾರಿಗೆ ಮನೆ?"

"ದೊರೆಸಾನಿಗೆ. ಅವಳ ಬಗ್ಗೆ ಒಂದು ಪರಿಚಯ ಬರೆದುಕೊಡ್ಬೇಕು, ಸಂಘದ ಪುಟದಲ್ಲಿ ಹಾಕ್ತಾರೆ. ಆತಿಥೇಯರೇ ಬರೀಬೇಕಂತೆ, ಇರೋದು ಇದ್ದ ಹಾಗೆ. ನೀವೇ ಬರೀರಿ. ನೀರು ಬರ್ಲಿಲ್ಲ, ದೀಪ ಉರೀಲಿಲ್ಲ ಅಂತ ಪೇಪರಿಗೆ ಎಷ್ಟು ಚೆನ್ನಾಗಿ ಬರೀತೀರಿ."

ಬಾಯಿಬಿಟ್ಟು "ಅವಳನ್ನು ಕಳಿಸುವುದು ಬೇಡ ಕಣೇ" ಎಂದುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಗಂಡಸು ಸೋತೆ ಎನ್ನುವುದೇ! ಮೇಷ್ಟ್ರ ತಲೆಯಲ್ಲಿ ಮಹದಾಲೋಚನೆಯೊಂದು ಮಿಂಚಿತು. ಇದ್ದದ್ದು ಇದ್ದ ಹಾಗೆ ತಾನೇ? ಬರೆಯೋಣ. ಓದಿದವನು ಸಂಘದ ಕಡೆ ತಲೆಹಾಕಿ ಮಲಗಬಾರದು, ಹಾಗೆ ಬರೆಯೋಣ. ಯಾರೂ ಕೇಳಿಕೊಂಡು ಬರದಿದ್ದರೆ ನಾಯಿ ಇಲ್ಲೇ ಇರುತ್ತದೆ. ಪಾಪ, ಅನಿವಾರ್ಯ, ಏನು ಮಾಡುವುದು ಎಂದು ತಾವು ನಿಟ್ಟುಸಿರು ಬಿಟ್ಟರಾಯಿತು. ಹೀಗೆಂದುಕೊಂಡು ಮೇಷ್ಟ್ರು ಬರೆದದ್ದು ಇದು:

'ದೊರೆಸಾನಿಗೊಂದು ಮನೆ ಬೇಕು. ವಯಸ್ಸು ಗೊತ್ತಿಲ್ಲ, ಕೇಳುವ ಧೈರ್ಯ ಯಾರಿಗೂ ಆಗಿಲ್ಲ. ಗೊರಕೆ ಹೊಡೆಯುತ್ತಾಳೆ. ಕರೆದರೆ ಬರುವುದಿಲ್ಲ, ಬೇಡದಿದ್ದಾಗ ಬರುತ್ತಾಳೆ. ಎಡಗಾಲಿನ ಚಪ್ಪಲಿ ಮಾತ್ರ ಕಚ್ಚುತ್ತಾಳೆ, ಬಲಗಾಲಿನದನ್ನು ನೀವೇ ಎಸೆಯಬೇಕು. ನೀವು ಉಣ್ಣುವಾಗ ಎದುರು ಕುಳಿತು, ನೀವು ಯಾರದೋ ಪಾಲನ್ನು ಕದ್ದಿದ್ದೀರಿ ಎನ್ನಿಸುವಂತೆ ನೋಡುತ್ತಾಳೆ. ನಿಮ್ಮ ನಡವಳಿಕೆ ಸರಿಕಾಣದಿದ್ದರೆ ನಿಟ್ಟುಸಿರು ಬಿಡುತ್ತಾಳೆ. ನಿಮ್ಮ ನಡವಳಿಕೆ ಅವಳಿಗೆ ಎಂದೂ ಸರಿಕಾಣುವುದಿಲ್ಲ. ಇವಳನ್ನು ಕರೆದೊಯ್ಯುವುದೆಂದರೆ ಮನೆಗೆ ಇನ್ನೊಬ್ಬ ಅತ್ತೆಯನ್ನು ತಂದುಕೊಂಡಂತೆ. ಚೆನ್ನಾಗಿ ಯೋಚಿಸಿ.'

"ಇನ್ನೊಬ್ಬ ಅತ್ತೆ ಅಂದ್ರೇನೋ ಅರ್ಥ?" ಎಂದರು ತಾಯಿ, ಹೊಸ ಕನ್ನಡಕ ಮೂಗಿಗೇರಿಸಿ.

"ಒಳ್ಳೇ ಅರ್ಥದಲ್ಲೇ ಅಮ್ಮ."

ಹೆಂಡತಿ ಓದಿ, ತುಟಿ ಬಿಗಿಹಿಡಿದು, "ಚೆನ್ನಾಗಿದೆ" ಎಂದು ಕಳಿಸಿಯೇಬಿಟ್ಟರು.

ಮರುದಿನ ಬೆಳಗಾಗುವುದೇ ತಡ, ಫೋನಿಗೆ ಸನ್ನಿ ಹಿಡಿಯಿತು. ಕಾರ್ಯದರ್ಶಿ ಮೇಡಂ ಉಬ್ಬಿಹೋಗಿದ್ದರು. "ಮೇಷ್ಟ್ರೇ, ಏನು ಬರೆದಿದೀರಿ! ಇಷ್ಟು ದಿನ ನಾವು 'ಮುದ್ದಾದ, ವಿಧೇಯ, ಸ್ನೇಹಮಯಿ' ಅಂತ ಹಾಕ್ತಿದ್ವಿ, ಒಂದು ನರಪಿಳ್ಳೆ ತಿರುಗಿ ನೋಡ್ತಿರ್ಲಿಲ್ಲ. ಈಗ ಜನ ಮುಗಿಬಿದ್ದಿದಾರೆ. ನಿಟ್ಟುಸಿರು ಬಿಡೋ ನಾಯಿ ನಮಗೇ ಬೇಕು ಅಂತ ಜಗಳ!"

ಮೇಷ್ಟ್ರು ಫೋನಿಟ್ಟು ಚಾಪೆಯ ಮೇಲೆ ಕುಸಿದರು. ತಾವು ತೋಡಿದ ಹಳ್ಳ ಇಷ್ಟು ಆಳವಿದ್ದೀತೆಂದು ಅವರು ಎಣಿಸಿರಲಿಲ್ಲ.

ಆದರೂ ಧೃತಿಗೆಡಲಿಲ್ಲ. ನಾಯಿ ಕೇಳಿದವರ ಮನೆಯನ್ನು ಮೊದಲು ಯಾರಾದರೂ ಹೋಗಿ ನೋಡಿ ಒಪ್ಪಬೇಕೆಂಬುದು ಸಂಘದ ನಿಯಮ. "ಆ ಕೆಲಸ ನಾನೇ ಮಾಡ್ತೀನಿ, ನಿಮಗೆ ಯಾಕೆ ತೊಂದರೆ," ಎಂದು ಮೇಷ್ಟ್ರು ಮುಂದೆ ಬಿದ್ದರು. ಜೀವಮಾನವಿಡೀ ತಮ್ಮ ಶಿಷ್ಯರನ್ನು ಫೇಲು ಮಾಡುವ ಬ್ರೇಕ್ ಇನ್‌ಸ್ಪೆಕ್ಟರರನ್ನು ದೂರದಿಂದ ನೋಡಿದ್ದರು. ಆ ಸುಖ ಏನೆಂದು ಈಗ ತಿಳಿಯಿತು.

ಬ್ಯಾಂಕ್ ಮ್ಯಾನೇಜರಮ್ಮನ ಮನೆ ಅರಮನೆಯಂತಿತ್ತು. "ಮೆಟ್ಟಿಲಿದೆ," ಎಂದರು ಮೇಷ್ಟ್ರು.

"ಬಾಗಿಲ ಮುಂದೆ ಒಂದೇ ಒಂದು ಮೆಟ್ಟಿಲು ಸಾರ್, ಮಳೆನೀರು ಒಳಗೆ ಬರಬಾರದು ಅಂತ."

"ನಾಯಿ ಬೆನ್ನಿಗೆ ಒಂದೂ ಒಂದೇ, ನೂರೂ ಒಂದೇ. ಫೇಲ್."

ವಕೀಲರ ಮನೆಯಲ್ಲಿ ಮೆಟ್ಟಿಲಿರಲಿಲ್ಲ, ನುಣುಪು ನೆಲವಿತ್ತು. ಕಾಲು ಜಾರುತ್ತದೆ ಎಂದರು. ವಕೀಲರು ರತ್ನಗಂಬಳಿ ತೋರಿಸಿದರು. ರತ್ನಗಂಬಳಿಯ ದಾರ ಉಗುರಿಗೆ ಸಿಕ್ಕುತ್ತದೆ ಎಂದರು. ವಕೀಲರು ಮೇಲ್ಮನವಿ ಸಲ್ಲಿಸುವೆನೆಂದರು. "ಇಷ್ಟು ವಾದ ಮಾಡೋ ಮನೇಲಿ ಅದಕ್ಕೆ ನಿದ್ದೆ ಬರಲ್ಲ," ಎಂದು ಮೇಷ್ಟ್ರು ಎದ್ದು ಬಂದರು. ಸಂಗೀತದ ಟೀಚರಮ್ಮ ದೊರೆಸಾನಿಯನ್ನೇ ನೋಡಲು ಮನೆಗೆ ಬಂದರು. ಆ ಕೃತಘ್ನ ಪ್ರಾಣಿ ಹೋಗಿ ಅವರ ತೊಡೆಯ ಮೇಲೆ ಮಲಗಿ ಗೊರಕೆ ಹೊಡೆಯಬೇಕೇ! "ಶ್ರುತಿ ಸೇರಿದೆ," ಎಂದು ಆಕೆ ಕಣ್ಣರಳಿಸಿದರು. ಇನ್ನೊಂದು ಜೀವ ಹಾಡುವ ಮನೆಯಲ್ಲಿ ಇದರ ಗೊರಕೆಗೆ ಅನ್ಯಾಯವಾಗುತ್ತದೆಂದು ಏನೇನೋ ಹೇಳಿ ಮೇಷ್ಟ್ರು ಅವರನ್ನೂ ಸಾಗಹಾಕಿದರು.

ಪ್ರತಿ ಸಲವೂ ಹೆಂಡತಿ, "ಹೌದಾ? ಸರಿ ಹಾಗಾದ್ರೆ. ನಿಮಗೆ ಗೊತ್ತಾದಷ್ಟು ನಮಗೆ ಗೊತ್ತಾಗುತ್ತಾ," ಎಂದು ಫೋನು ಹಿಡಿದು ಹಿತ್ತಲಿಗೆ ಹೋಗುತ್ತಿದ್ದರು. ಒಂದು ಮಾತು ಎದುರಾಡುತ್ತಿರಲಿಲ್ಲ. ಅಲ್ಲೇ ಮೇಷ್ಟ್ರಿಗೆ ಅನುಮಾನ ಬರಬೇಕಿತ್ತು. ಇಷ್ಟು ವರ್ಷ ಸಂಸಾರ ಮಾಡಿಯೂ ಆ ಮೌನದ ಅರ್ಥ ತಿಳಿಯದವರು ಕಾರಿನ ಇಂಜಿನ್ ಸದ್ದಿನಿಂದಲೇ ರೋಗ ಹೇಳುತ್ತೇನೆಂದು ಜಂಬ ಕೊಚ್ಚುತ್ತಿದ್ದರು.

ಕೊನೆಗೆ ಬಂದರು ಕನ್ನಡಕದ ಅಂಗಡಿಯ ಗಂಡಹೆಂಡತಿ. ಮೇಷ್ಟ್ರು ಅವರ ಮನೆಗೆ ಕತ್ತಿ ಮಸೆದುಕೊಂಡೇ ಹೋದರು. ಮೆಟ್ಟಿಲಿಲ್ಲ. ನೆಲ ಜಾರುವುದಿಲ್ಲ. ಗೇಟಿನ ಕೆಳಗೆ ಸಂದಿ ಇರಬಹುದೆಂದು ಮೇಷ್ಟ್ರು ಹೊಟ್ಟೆಯ ಮೇಲೆ ಮಲಗಿ ನೋಡಿದರು. ಅಲ್ಲಿ ಆಗಲೇ ಜಾಲರಿ ಹೊಡೆದಾಗಿತ್ತು. ಸೋಫಾಕ್ಕೆ ಹತ್ತಲು ಇಳಿಜಾರಿನ ಹಲಗೆ ಮಾಡಿಸಿ ಅದಕ್ಕೆ ಬಟ್ಟೆ ಹೊದಿಸಿದ್ದರು. ಗಂಡ ಮೆತ್ತಗಿನ ಮಾತಿನವರು, ಹೆಂಡತಿ ಅದಕ್ಕಿಂತ ಮೆತ್ತಗೆ. ಮನೆಯಲ್ಲೇ ಅಂಗಡಿ, ನಾಯಿ ಒಂಟಿಯಾಗುವ ಮಾತಿಲ್ಲ. "ಚಪ್ಪಲಿ?" ಎಂದರು ಮೇಷ್ಟ್ರು ಕೊನೆಯ ಆಸೆಯಿಂದ. "ಹಳೇ ಎಡಗಾಲಿನವೆಲ್ಲ ಕೂಡಿಟ್ಟಿದೀವಿ," ಎಂದು ಅವರು ಒಂದು ಪೆಟ್ಟಿಗೆ ತೆರೆದು ತೋರಿಸಿದರು.

ಮೇಷ್ಟ್ರು ಅನ್ಯಾಯದ ಮನುಷ್ಯರಲ್ಲ. ದೊರೆಸಾನಿಗೆ ಇದಕ್ಕಿಂತ ಒಳ್ಳೆಯ ಮನೆ ಸಿಗದೆಂದು ಅವರ ಮನಸ್ಸೇ ಹೇಳಿತು. ಬಾಯಿಂದ "ಪಾಸು" ಎಂಬ ಮಾತು ಹೊರಟೇಹೋಯಿತು.

ಕರೆದೊಯ್ಯುವ ದಿನ ಭಾನುವಾರ ಬೆಳಗ್ಗೆ. ಹೆಂಡತಿ ಕಣ್ಣಿನ ಔಷಧಿ, ಕಿವಿಯ ಬಟ್ಟೆ, ಊಟದ ತಟ್ಟೆ ಎಲ್ಲ ಚೀಲಕ್ಕೆ ತುಂಬಿದರು. ತಾಯಿ ಮೂಲೆಯಲ್ಲಿ ಕೂತು ಬಹಳ ಜೋರಾಗಿ ಮೂಗು ಒರೆಸಿಕೊಂಡರು. ಕಾರ್ಯದರ್ಶಿ ಮೇಡಂ ಬೇರೆ ಗೇಟಿನ ಬಳಿ ಬಂದು ನಿಂತಿದ್ದರು, ಬಗಲಲ್ಲಿ ಇನ್ಯಾವುದೋ ಒಂದು ಕರೀ ನಾಯಿ.

"ರೀ, ಏನಾದ್ರೂ ಹೇಳೋದಿದೆಯಾ?" ಎಂದರು ಹೆಂಡತಿ.

"ಹೇಳೋದೇನು? ಒಳ್ಳೇ ಮನೆ. ಹೋಗ್ಲಿ," ಎಂದರು ಮೇಷ್ಟ್ರು.

"ನಿಜವಾಗ್ಲೂ ಏನೂ ಇಲ್ವಾ?"

"ಇಲ್ಲ ಅಂದ್ನಲ್ಲ!"

ಬೆನ್ನಿಗೆ ಪೆಟ್ಟಾಗದಂತೆ ಎತ್ತಲು ತಮಗಿಂತ ಚೆನ್ನಾಗಿ ಯಾರಿಗೂ ಬಾರದೆಂದು ಮೇಷ್ಟ್ರೇ ದೊರೆಸಾನಿಯನ್ನು ಎತ್ತಿ ಕನ್ನಡಕದ ಅಂಗಡಿಯವರ ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿದರು. ಅವಳು ಆಚೀಚೆ ನೋಡಿದಳು. ಮುಂದಿನ ಸೀಟಿನಲ್ಲಿ ಕೂತವರು ಮೇಷ್ಟ್ರಲ್ಲವೆಂದು ಕಂಡು, ಬಾಗಿಲ ಬಳಿ ನಿಂತ ಅವರನ್ನು ನೋಡಿದಳು. ಹತ್ತಿ ಕೂರು, ತಡವಾಯಿತು ಎನ್ನುವಂತಿತ್ತು ಆ ನೋಟ. ಮೇಷ್ಟ್ರು ಬಾಗಿಲು ಮುಚ್ಚಿ ಬೆನ್ನು ತಿರುಗಿಸಿ ನಿಂತರು.

ಕನ್ನಡಕದವರು ಕಾರು ಚಾಲೂ ಮಾಡಿದರು. ಅವರು ಎಲ್ಲದರಲ್ಲೂ ಒಳ್ಳೆಯವರು, ಕ್ಲಚ್ಚಿನಲ್ಲಿ ಮಾತ್ರ ಅಲ್ಲ. ಕಾರು ಗಕ್ಕನೆ ಕುಪ್ಪಳಿಸಿತು. ತೆರೆದ ಕಿಟಕಿಯಿಂದ ಆ ನಿಟ್ಟುಸಿರು ಬಂತು.

ಬೀದಿಯಲ್ಲಿ ನಿಂತ ಮೇಷ್ಟ್ರ ಬಲಗಾಲು ತಂತಾನೇ ನೆಲವನ್ನು ಬಲವಾಗಿ ತುಳಿಯಿತು. ಅಲ್ಲಿ ಬ್ರೇಕಿರಲಿಲ್ಲ. ಕಾರು ಮುಂದೆ ಹೋಗುತ್ತಲೇ ಇತ್ತು. ಮೇಷ್ಟ್ರು ಇನ್ನೊಮ್ಮೆ ತುಳಿದರು, ಮತ್ತೊಮ್ಮೆ ತುಳಿದರು, ಆಮೇಲೆ ಆ ತುಳಿತವೇ ಓಟವಾಯಿತು.

"ನಿಲ್ಸೀ! ಕ್ಲಚ್ ಒತ್ತಿ! ಬ್ರೇಕ್! ಬ್ರೇಕ್ ರೀ! ಕೊಡಲ್ಲ, ಅವಳನ್ನ ಕೊಡಲ್ಲ! ನಾನು ಸೋತೆ! ಸೋತೇ ಹೋದೆ!"

ತಿಂಗಳುಗಟ್ಟಲೆ ವಿಶ್ರಾಂತಿ ಪಡೆದಿದ್ದ ಗಂಟಲಿನ ಆ ಕೂಗಿಗೆ ಬೀದಿಗೆ ಬೀದಿಯೇ ಬಾಗಿಲು ತೆರೆದು ಹೊರಬಂತು. ಹಲ್ಲುಜ್ಜುತ್ತಿದ್ದವರು ಬ್ರಷ್ಷು ಬಾಯಲ್ಲೇ ಇಟ್ಟುಕೊಂಡು ನೋಡಿದರು. ತಿರುವಿನ ಬಳಿ ಕಾರು ನಿಂತಿತು. ಮೇಷ್ಟ್ರು ಹಿಂದಿನ ಬಾಗಿಲು ಕಿತ್ತು ತೆರೆದು ದೊರೆಸಾನಿಯನ್ನು ಎದೆಗವಚಿಕೊಂಡರು. ಲಾರಿ ಮಾಲೀಕರಿಗಿಂತ ಜೋರಾಗಿ ಅತ್ತರೆಂದು ಆಮೇಲೆ ನೋಡಿದವರು ಹೇಳಿದರು.

"ಕ್ಷಮಿಸಿ," ಎಂದರು ಬಿಕ್ಕುತ್ತ. "ನಿಮಗೆ ಮೋಸ ಮಾಡಿದೆ. ಆಸೆ ಇಟ್ಕೊಂಡು ಬಂದಿದ್ರಿ."

"ಅಯ್ಯೋ, ಪರವಾಗಿಲ್ಲ ಸಾರ್," ಎಂದರು ಕನ್ನಡಕದವರು ಮೆತ್ತಗೆ. "ತಿರುವಿನವರೆಗೆ ನಿಧಾನಕ್ಕೆ ಹೋಗಿ, ಅಷ್ಟರಲ್ಲಿ ಕೂಗ್ತಾರೆ ಅಂದಿದ್ರು ನಿಮ್ಮ ಮನೆಯವರು. ಕೂಗ್ದೇ ಇದ್ರೆ ಒಂದು ಸುತ್ತು ಹಾಕಿ ವಾಪಸ್ ಬನ್ನಿ ಅಂತಾನೂ ಹೇಳಿದ್ರು."

"ನಮ್ಮದು ಇಲ್ಲೇ ಇದೆಯಲ್ಲ," ಎಂದು ಅವರ ಹೆಂಡತಿ ತೊಡೆಯ ಮೇಲಿನ ಶಾಲು ಸರಿಸಿದರು. ಒಳಗಿಂದ ಕಂದುಬಣ್ಣದ ಒಂದು ಉದ್ದ ಮೂತಿ ಹೊರಬಂದು ಮೇಷ್ಟ್ರನ್ನು ಮೂಸಿತು. ಹಿಂದಿನ ಸೀಟಿನಿಂದ ಕಣ್ಣು ಕೀಳದಿದ್ದ ಮೇಷ್ಟ್ರಿಗೆ ಮುಂದಿನ ಸೀಟಿನಲ್ಲಿ ಇನ್ನೊಂದು ನಾಯಿ ಇರುವುದು ಕಂಡೇ ಇರಲಿಲ್ಲ.

ದೊರೆಸಾನಿಯನ್ನು ಹೊತ್ತು ಮನೆಯ ಮುಂದೆ ಬರುವಾಗ ಇಡೀ ಬೀದಿ ಚಪ್ಪಾಳೆ ತಟ್ಟಿತು. ಅದರಲ್ಲೂ ಕಾರ್ಯದರ್ಶಿ ಮೇಡಂ ಕಂಕುಳಲ್ಲಿ ನಾಯಿ ಇಟ್ಟುಕೊಂಡೇ ತಟ್ಟಿದರು.

"ಮೇಷ್ಟ್ರೇ, ಸಂಘ ನಿಮ್ಮ ಋಣ ತೀರಿಸೋ ಹಾಗಿಲ್ಲ. ನೀವು ಬರೆದದ್ದು ಓದಿ ಬಂದವರು ಒಬ್ಬರೂ ಬರಿಗೈಲಿ ಹೋಗಿಲ್ಲ. ನೀವು ಫೇಲ್ ಮಾಡಿದವರನ್ನೆಲ್ಲ ನಾನು ಕರೆದು ಬೇರೆ ನಾಯಿ ತೋರಿಸ್ದೆ. ಮ್ಯಾನೇಜರಮ್ಮ ಆ ಮೆಟ್ಟಿಲು ಒಡೆಸಿ ಎರಡು ನಾಯಿ ಕರ್ಕೊಂಡ್ ಹೋದ್ರು. ವಕೀಲ್ರು, ಸಂಗೀತದವರು, ಎಲ್ಲರಿಗೂ ಆಯ್ತು. ನನ್ನ ಹತ್ರ ಉಳಿದಿರೋದು ಇದೊಂದೇ ಕರಿಯ."

"ಹಾಗಾದ್ರೆ ದೊರೆಸಾನಿ?"

"ದೊರೆಸಾನಿನ ನಿಮ್ಮ ಮನೆಯವರು ಮೊದಲನೇ ವಾರವೇ ಕೇಳಿದ್ರಲ್ಲ!"

ಮೇಷ್ಟ್ರು ನಿಧಾನಕ್ಕೆ ಹೆಂಡತಿಯ ಕಡೆ ತಿರುಗಿದರು. "ಏನೇ ಇದು? ಅಷ್ಟು ದಿನದಿಂದ ಗೊತ್ತಿದ್ದೂ ನನ್ನನ್ನ ಊರೂರು ಸುತ್ತಿಸಿ, ಗೇಟಿನ ಕೆಳಗೆ ಮಲಗಿಸಿ, ಹೀಗೆ ಬೀದೀಲಿ ಓಡಿಸಿದ್ಯಲ್ಲ! ಒಂದು ಮಾತು ಹೇಳೋಕಾಗ್ತಿರ್ಲಿಲ್ವಾ?"

"ಹೇಳ್ಬಹುದಿತ್ತು," ಎಂದರು ಹೆಂಡತಿ ತಣ್ಣಗೆ. "ನಾನು ಹೇಳಿ, ನಾನು ಇಟ್ಕೊಂಡಿದ್ರೆ ನೀವು ಸಾಯೋವರೆಗೂ 'ನಿನ್ನ ನಾಯಿ ನಿನ್ನ ನಾಯಿ' ಅಂತ ನನ್ನ ತಲೆ ತಿಂತಿದ್ರಿ. ಅದು ಸೀನಿದ್ರೂ ನನ್ನ ತಪ್ಪು, ಕೆಮ್ಮಿದ್ರೂ ನನ್ನ ತಪ್ಪು. ಅದಕ್ಕೇ ನಿಮ್ಮ ಬಾಯಲ್ಲೇ ಬರ್ಲಿ ಅಂತ ಕಾದೆ. ಈಗ ಇಷ್ಟು ಜನರ ಮುಂದೆ ಹೇಳಿ. ಇದು ಯಾರ ನಾಯಿ?"

ದೊರೆಸಾನಿಯ ತಣ್ಣನೆಯ ಮೂಗು ಮೇಷ್ಟ್ರ ಕುತ್ತಿಗೆಗೆ ಒತ್ತಿಕೊಂಡಿತ್ತು. ಅವರಿಗೆ ಆ ಕ್ಷಣ ಮಾನವೂ ಬೇಡ, ಮರ್ಯಾದೆಯೂ ಬೇಡ ಎನ್ನಿಸಿತು. ಇಷ್ಟು ಸುಖವಾಗಿ ತಾವು ಎಂದಾದರೂ ಸೋತದ್ದುಂಟೇ!

"ನನ್ನ ನಾಯಿ," ಎಂದರು ಎದೆಯುಬ್ಬಿಸಿ. "ನನ್ನದೇ ನಾಯಿ. ಏನೀಗ?"

"ಏನೂ ಇಲ್ಲ," ಎಂದು ಹೆಂಡತಿ ತುಂಬಿದ ಚೀಲವನ್ನು ಅವರ ಹೆಗಲಿಗೆ ನೇತುಹಾಕಿದರು. "ಕಣ್ಣಿನ ಔಷಧಿ ಇದರಲ್ಲಿದೆ, ಬೆಳಗ್ಗೆ ಸಂಜೆ ಬಿಡ್ಬೇಕು. ಕಿವಿ ಒರೆಸೋ ಬಟ್ಟೆ ಇದೆ. ಉಗುರು ಇವತ್ತೇ ತೆಗೀಬೇಕು, ಸ್ನಾನಾನೂ ಇವತ್ತೇ. ಬೆಳಗ್ಗೆ ಬೇಗ ಎದ್ದು ಸುತ್ತಾಡಿಸದಿದ್ರೆ ನಿಮ್ಮ ನಾಯಿ ಕೂಗಾಡುತ್ತೆ, ನೋಡ್ಕೊಳ್ಳಿ."

ಮೇಷ್ಟ್ರು ಚೀಲದ ಭಾರಕ್ಕೆ ಒಂದು ಕಡೆ ವಾಲಿದರು. ಅಷ್ಟರಲ್ಲಿ ಹೆಂಡತಿ ಹೋಗಿ ಕಾರ್ಯದರ್ಶಿ ಮೇಡಮ್ಮನ ಕಂಕುಳಿಂದ ಕರಿಯನನ್ನು ಇಳಿಸಿಕೊಂಡು, ಅವನ ತುಟಿ ಮೇಲೆತ್ತಿ ಹಲ್ಲು ಪರೀಕ್ಷಿಸತೊಡಗಿದ್ದರು. ಹಲ್ಲು ಅವರಿಗೆ ಬಹಳ ಮೆಚ್ಚುಗೆಯಾದಂತಿತ್ತು.

"ಅದ್ಯಾಕೆ ನಿನಗೆ?" ಎಂದರು ಮೇಷ್ಟ್ರು ಗಾಬರಿಯಿಂದ.

"ದೊರೆಸಾನಿ ನಿಮ್ಮ ನಾಯಿ ಅಂತ ಊರಿಗೆಲ್ಲ ಗೊತ್ತಾಯ್ತಲ್ಲ. ನನಗೂ ಅಂತ ಒಂದು ಬೇಡ್ವಾ?"

"ಇನ್ನೊಂದಾ! ಇದನ್ನ ದಿನಾ ಸುತ್ತಾಡಿಸೋರು ಯಾರು?"

"ಹೇಗೂ ನಿಮ್ಮ ನಾಯಿನ ಕರ್ಕೊಂಡು ಹೊರಟಿರ್ತೀರಿ. ಇನ್ನೊಂದು ಕೈ ಖಾಲೀನೇ ಇರುತ್ತಲ್ಲ."

ಮೇಷ್ಟ್ರು ಆ ಕೈಯನ್ನು ಹಿಂದಕ್ಕೆಳೆದುಕೊಳ್ಳುವಷ್ಟರಲ್ಲಿ ಅದರೊಳಗೆ ಕರಿಯನ ಹಗ್ಗದ ತುದಿ ಬಂದು ಕೂತಾಗಿತ್ತು.